ಪಕ್ಕದ ಸೀಟಿನಿಂದ ನೋಡಿದ ಕಾರು

ಭಾನುವಾರ, ಮಧ್ಯಾಹ್ನ

ಮುದ್ದು ಮಗಳೇ,

ಕಾರು ನೋಡಿ ಹೇಳು ಅಂದಿದ್ದೆ, ನೋಡಿದೆ. ಫೋನಿನಲ್ಲಿ ಹೇಳೋಣವೆಂದರೆ ನಾನು ಅರ್ಧ ಹೇಳುವಷ್ಟರಲ್ಲಿ ನಿನಗೆ ವಾರ್ಡಿನಿಂದ ಕರೆ ಬರುತ್ತದೆ, "ಆಮೇಲೆ ಮಾಡ್ತೀನಮ್ಮ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಒಂದೇ ಸಲಕ್ಕೆ ಪೂರ್ತಿ ಓದು, ನಡುವೆ ಎದ್ದು ಹೋಗಬೇಡ.

ಆ ಕಾರು ಬೇಡ. ಬಣ್ಣ ಕಪ್ಪು, ಬೆಳಿಗ್ಗೆ ಒರೆಸಿದರೆ ಸಂಜೆಗೆ ಧೂಳು ಎದ್ದು ಕಾಣುತ್ತದೆ. ಡಿಕ್ಕಿಯ ಬಾಗಿಲು ಭಾರ, ನಿನಗೆ ಎತ್ತಲಾಗದು. ಹಿಂದಿನ ಸೀಟಿನ ಬಟ್ಟೆ ಒರಟು, ಗಿಣಿ ಕೂತಲ್ಲಿ ಕೂರುವ ಮಗುವಲ್ಲ, ತೊಡೆಯೆಲ್ಲ ತರಚಿಕೊಳ್ಳುತ್ತಾಳೆ. ಸಾಲದ್ದಕ್ಕೆ ನಿಮ್ಮ ಮನೆಯ ಮುಂದಿನ ಜಾಗಕ್ಕೆ ಅದು ತುಸು ಉದ್ದವೂ ಆಯಿತು.

ಇಷ್ಟು ಬರೆದು ಓದಿ ನೋಡಿದೆ, ನನಗೇ ನಗು ಬಂತು. ದಿನವಿಡೀ ರೋಗಿಗಳನ್ನು ಎತ್ತಿ ಮಲಗಿಸುವ ನಿನ್ನ ಕೈಗೆ ಡಿಕ್ಕಿಯ ಬಾಗಿಲು ಭಾರವಂತೆ! ಈ ಹಾಳೆಯನ್ನು ಹರಿದು ಹಾಕಬಹುದಿತ್ತು. ಹರಿಯಲಿಲ್ಲ. ನಿನ್ನ ಅಮ್ಮ ನಿನಗೆ ಸುಳ್ಳು ಬರೆಯಲು ಹೊರಟಿದ್ದಳು ಎಂಬುದೂ ನಿನಗೆ ಗೊತ್ತಿರಲಿ. ಯಾಕೆ ಹೊರಟಿದ್ದೆ ಎಂದರೆ, ನಿನ್ನ ಗಂಡನಿಗೆ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಕಾರು ಚೆನ್ನಾಗಿದೆ ಮಗಳೇ, ಬೇಡ ಎನ್ನಲು ಕಾರಣವೇ ಸಿಗಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಬೆಳಿಗ್ಗೆ ಅವನು ನಿಮ್ಮ ಹಳೆಯ ಕಾರಿನಲ್ಲಿ ಬಂದ. ಗಿಣಿಗೆ ನಾಳೆ ಪರೀಕ್ಷೆ, ಅದಕ್ಕೇ ಕರೆತರಲಿಲ್ಲ ಎಂದ. ಗೇಟಿನೊಳಗೆ ಕಾರು ತರುವಾಗ ಎಡಗಡೆಯ ಕನ್ನಡಿಯನ್ನು ಕಂಬಕ್ಕೆ ಉಜ್ಜಿದ. ಆ ಕನ್ನಡಿಯ ಮೇಲೆ ಆಗಲೇ ಹಳೆಯ ಗೀರುಗಳಿದ್ದವು, ಬಾಗಿಲಿನ ಮೇಲೂ ಇದ್ದವು. ಎಲ್ಲವೂ ಎಡಗಡೆಗೇ. ಬಲಗಡೆ ಒಂದು ಚುಕ್ಕೆಯಿಲ್ಲ. ನಾನು ಅನುಮಾನದ ಪ್ರಾಣಿ ಎಂದು ನೀನೇ ಹೆಸರಿಟ್ಟಿದ್ದೀಯಲ್ಲ, ಆಗಲೇ ನನ್ನ ಕಿವಿ ನೆಟ್ಟಗಾಯಿತು. ಕುಡಿಯಲು ಶುರುಮಾಡಿದ್ದಾನೋ ಏನೋ ಎಂದುಕೊಂಡು, ಕಾಫಿ ಲೋಟ ಕೊಡುವ ನೆಪದಲ್ಲಿ ಹತ್ತಿರ ಹೋಗಿ ಬಾಯಿ ವಾಸನೆಯನ್ನೂ ನೋಡಿದೆ. ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ. ಏನೂ ಇರಲಿಲ್ಲ, ಬರೀ ಟೂತ್‌ಪೇಸ್ಟು.

ಕಾರಿನ ಮಾಲೀಕರು ನಮ್ಮ ಬೀದಿಯ ಕೊನೆಯ ಬೇಕರಿಯವರು. ವ್ಯಾಪಾರಕ್ಕೆ ವ್ಯಾನ್ ಬೇಕು, ಎರಡನ್ನೂ ನಿಲ್ಲಿಸಲು ಜಾಗವಿಲ್ಲ, ಅದಕ್ಕೇ ಮಾರುತ್ತಿದ್ದೇವೆ ಎಂದರು. ಹಾಗೆಂದ ಮಾತ್ರಕ್ಕೆ ನಂಬಲು ನಾನೇನು ನಿನ್ನೆ ಹುಟ್ಟಿದವಳೇ? ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟೆ. ನಾವು ಬರುವ ಮೊದಲೇ ಇಂಜಿನ್ ಓಡಿಸಿ ಬಿಸಿ ಮಾಡಿಟ್ಟಿದ್ದರೆ, ತಣ್ಣಗಿದ್ದಾಗ ಅದು ಹೊರಡಲು ಹಟ ಮಾಡುತ್ತದೆ ಎಂದೇ ಅರ್ಥ. ತಣ್ಣಗಿತ್ತು. ಕಾರನ್ನು ಮುಂದಕ್ಕೆ ತೆಗೆಸಿ, ಅದು ನಿಂತಿದ್ದ ನೆಲದ ಮೇಲೆ ಎಣ್ಣೆ ಸೋರಿದೆಯೇ ಎಂದು ಬಗ್ಗಿ ನೋಡಿದೆ. ಒಳಗೆ ಘಮಘಮ ಎನ್ನುತ್ತಿತ್ತು. ಇಷ್ಟು ಸೆಂಟು ಯಾಕೆ, ಯಾವ ವಾಸನೆ ಮುಚ್ಚಲು ಎಂದು ಮ್ಯಾಟುಗಳನ್ನೆಲ್ಲ ಎತ್ತಿಸಿದೆ. ಸ್ಟೆಪ್ನಿ ಇಡುವ ಗುಳಿಯಲ್ಲಿ ಬೆರಳಾಡಿಸಿದೆ, ತುಕ್ಕಿಲ್ಲ, ತೇವವಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು, ನೀರಲ್ಲಿ ಮುಳುಗಿದ ಕಾರೋ ಏನೋ ಎಂದು ಕೆಸರಿನ ಕಲೆ ಹುಡುಕಿದೆ. ಬೇಕರಿಯವರ ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಲೇ ಇದ್ದರು. ಕೊನೆಗೆ, "ಅಕ್ಕ, ನನ್ನ ಮದುವೆ ಮಾಡೋವಾಗ್ಲೂ ನಮ್ಮಪ್ಪ ಇಷ್ಟು ವಿಚಾರಿಸಿರ್ಲಿಲ್ಲ" ಎಂದರು. ವಿಚಾರಿಸಬೇಕಿತ್ತು ಎಂದು ಅವರ ಗಂಡನೇ ನಕ್ಕರು. ಒಳ್ಳೆಯ ಜನ. ಒಳ್ಳೆಯ ಜನರ ಮೇಲೆ ನನಗೆ ಇನ್ನಷ್ಟು ಅನುಮಾನ, ಆದರೆ ಹಿಡಿಯಲು ಏನೂ ಸಿಗಲಿಲ್ಲ.

ನಿನ್ನ ಗಂಡ ಮಾತ್ರ ಬಾನೆಟ್ ಕಡೆಗೂ ತಿರುಗಲಿಲ್ಲ, ಟೈರಿನ ಕಡೆಗೂ ನೋಡಲಿಲ್ಲ. ಅವನು ಕೇಳಿದ್ದು ಒಂದೇ, ಈ ಕಾರು ಪೀಂ ಪೀಂ ಅನ್ನುತ್ತದೆಯಂತಲ್ಲ, ಪಕ್ಕದಲ್ಲಿ ಯಾರಾದರೂ ಬಂದರೆ ಹೇಳುತ್ತದೆಯೇ ಎಂದು. ಬೇಕರಿಯವರು, "ಇಲ್ಲ ಸಾರ್, ಅದು ರಿವರ್ಸ್ ತಗೊಳ್ಳೋವಾಗ ಮಾತ್ರ" ಎಂದರು. ಅವನ ಮುಖ ಇಳಿದುಹೋಯಿತು. ಹಿಂದೆ ಮಾತ್ರವಾ, ಪಕ್ಕಕ್ಕೆ ಇಲ್ಲವಾ ಎಂದು ಮತ್ತೆ ಕೇಳಿದ. ಇಷ್ಟು ವರ್ಷ ಕಾರು ಓಡಿಸಿದವನಿಗೆ ಪಕ್ಕದಲ್ಲಿ ಯಾರು ಬಂದರೆಂದು ಕಾರು ಯಾಕೆ ಹೇಳಬೇಕು? ಒಂದು ಸುತ್ತು ನೀನೇ ಓಡಿಸು ಎಂದು ಅವನನ್ನು ಸ್ಟಿಯರಿಂಗಿಗೆ ಕೂರಿಸಿ, ನಾನು ಎಂದಿನಂತೆ ಪಕ್ಕದ ಸೀಟಿನಲ್ಲಿ ಕೂತೆ.

ಶಾಲೆಯ ಗೋಡೆ ಮುಗಿಯುವ ತಿರುವಿನಲ್ಲಿ ಒಬ್ಬ ಹೆಂಗಸು ಮಗುವಿನ ಕೈಗಾಡಿ ತಳ್ಳಿಕೊಂಡು ನಾನು ಕೂತ ಕಡೆಯಿಂದ ರಸ್ತೆಗೆ ಇಳಿದರು. ಅವರು ದೂರದಿಂದಲೇ ಕಾಣುತ್ತಿದ್ದರು. ಇವನು ನಿಧಾನಿಸುತ್ತಾನೆ ಎಂದುಕೊಂಡೆ. ನಿಧಾನಿಸಲಿಲ್ಲ. ನನ್ನ ಕಾಲು ತಾನಾಗಿಯೇ ಬ್ರೇಕ್ ತುಳಿಯಿತು. ಜೀವನವಿಡೀ ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಕೂತವಳು ನಾನು, ಅಲ್ಲಿ ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಇಲ್ಲಿ ಬರೀ ಮ್ಯಾಟು. ಮ್ಯಾಟನ್ನೇ ತುಳಿಯುತ್ತಾ "ನಿಲ್ಸೋ" ಎಂದು ಕಿರುಚಿದೆ. ಕಾರು ನಿಂತಿತು. ಕೈಗಾಡಿ ಇನ್ನೊಂದು ಗೇಣು ಮುಂದಿದ್ದರೆ, ಬೇಡ, ಅದನ್ನು ಬರೆಯುವುದಿಲ್ಲ. ಆ ಹೆಂಗಸು ಬಾನೆಟ್ಟಿಗೆ ಫಟ್ಟನೆ ಬಡಿದು, ನಮ್ಮ ವಂಶಕ್ಕೆಲ್ಲ ಸಾಕಾಗುವಷ್ಟು ಬೈದು ಹೋದರು. ಬೈದದ್ದೇ ಸರಿ.

ನನಗೆ ಹೆದರಿಕೆಯಾದದ್ದು ಆಮೇಲೆ. ಅವನು ನನ್ನ ಕಡೆಗೆ ಪೂರ್ತಿ ಮುಖ ತಿರುಗಿಸಿ, "ಅವ್ರು ಎಲ್ಲಿಂದ ಬಂದ್ರು ಅತ್ತೆ?" ಎಂದು ಕೇಳಿದ.

ಕಾರನ್ನು ಗೋಡೆಯ ಪಕ್ಕ ನಿಲ್ಲಿಸಲು ಹೇಳಿದೆ. ನೇರ ಮುಂದೆ ನೋಡು, ನನ್ನ ಕೈ ಕಂಡ ತಕ್ಷಣ ಹೇಳು ಎಂದು, ಅವನ ಎಡಕಿವಿಯ ಬಳಿಯಿಂದ ಕೈಯನ್ನು ಮೆಲ್ಲಗೆ ಮುಂದಕ್ಕೆ ತಂದೆ. ಕೆನ್ನೆ ದಾಟಿತು, ಕಣ್ಣು ದಾಟಿತು. ಮೂಗಿನ ನೇರಕ್ಕೆ ಬರುವವರೆಗೂ ಅವನು ಮಾತಾಡಲಿಲ್ಲ. ಅವನಿಗೆ ಗೊತ್ತಾಯಿತು, ನನಗೆ ಗೊತ್ತಾಯಿತೆಂದು. ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಚಿಕ್ಕ ಹುಡುಗನ ಹಾಗೆ ಅತ್ತ.

ಎರಡೂ ಕಣ್ಣಿನ ನರ ಸೊರಗುತ್ತಿದೆಯಂತೆ, ಎಡಗಡೆಯ ನೋಟ ಹೆಚ್ಚು ಹೋಗಿದೆಯಂತೆ. ಮೊದಲು ಬದಿಯ ನೋಟ ಹೋಗುತ್ತದೆ, ಅದಕ್ಕೇ ತುಂಬ ದಿನ ತಿಳಿಯಲೇ ಇಲ್ಲ. ಕೆಲಸ ಮಾಡುವ ಫರ್ನಿಚರ್ ಅಂಗಡಿಯಲ್ಲಿ ಸೋಫಾಗಳಿಗೆ ತೊಡೆ ಬಡಿಸಿಕೊಳ್ಳುತ್ತಿದ್ದನಂತೆ, ನೀನು ನೀಲಿಗಟ್ಟಿದ್ದನ್ನು ನೋಡಿ ಕೇಳಿದ್ದಕ್ಕೆ ಸಾಮಾನು ಎತ್ತುವಾಗ ತಗಲಿತು ಎಂದಿದ್ದನಂತೆ. ನಿನ್ನ ಆಸ್ಪತ್ರೆಗೆ ಬಂದರೆ ಸುದ್ದಿ ನಿನ್ನ ಕಿವಿಗೆ ಬೀಳುತ್ತದೆಂದು ಬೇರೆ ಕಡೆ ತೋರಿಸಿಕೊಂಡಿದ್ದಾನೆ. ಹನಿ ಔಷಧಿ ಬಿಡುತ್ತಿದ್ದಾನೆ. ಹೋದ ನೋಟ ವಾಪಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು, ಕಾರು ಮಾತ್ರ ಓಡಿಸಬೇಡಿ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. ಇವನು ಕಾರು ಬಿಡುವ ಬದಲು, ಕೂಗುವ ಕಾರು ಹುಡುಕಲು ಹೊರಟ.

ನನಗೆ ಕೋಪ ಬರಲಿಲ್ಲ ಎಂದರೆ ಸುಳ್ಳು. ದಿನಾ ಬೆಳಿಗ್ಗೆ ಗಿಣಿಯನ್ನು ಅದೇ ಕಾರಿನಲ್ಲಿ ಕೂರಿಸಿಕೊಂಡು ಶಾಲೆಗೆ ಹೋಗಿದ್ದಾನಲ್ಲ! ಅಲ್ಲೇ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಯಾಕೋ ಹೇಳಲಿಲ್ಲ ಅವಳಿಗೆ ಎಂದು ಕೇಳಿದೆ. "ಹೇಳಿದ್ರೆ ಗಿಣೀನ ನನ್ ಜೊತೆ ಕಳ್ಸಲ್ಲ ಅತ್ತೆ, ಅವಳು ನನ್ ಹತ್ರ ಮಾತಾಡೋದೇ ಆ ದಾರೀಲಿ" ಎಂದ. ಎತ್ತಿದ ಕೈ ಹಾಗೇ ಇಳಿಯಿತು. ಅವಳಿಗೆ ಹೇಳಬೇಡಿ, ನಾನೇ ಹೇಳುತ್ತೇನೆ ಎಂದು ಕೈ ಹಿಡಿದುಕೊಂಡ. ಆಯಿತಪ್ಪ ಎಂದುಬಿಟ್ಟೆ. ಅಲ್ಲಿಂದ ಬೇಕರಿಯವರೆಗೆ ಕಾರು ನಾನೇ ಓಡಿಸಿದೆ, ನಮ್ಮ ಮನೆಗೆ ಇಬ್ಬರೂ ನಡೆದು ಬಂದೆವು. ಊಟಕ್ಕೆ ಕೂತಾಗ ಯಾವಾಗ ಹೇಳುತ್ತೀಯ ಎಂದೆ. ಸಮಯ ನೋಡಿ ಎಂದ. ಸಮಯ ನೋಡಿ ಎನ್ನುವವರು ಎಂದೂ ಹೇಳುವುದಿಲ್ಲ. ಆದ್ದರಿಂದ ಮಾತು ಮುರಿಯುತ್ತಿದ್ದೇನೆ.

ಈಗ ನನ್ನ ತೀರ್ಮಾನ ಕೇಳು. ಕಾರು ಕೊಂಡುಕೋ. ಕ್ಲಚ್ ಹಗುರ, ಬ್ರೇಕ್ ನಂಬಬಹುದು, ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹಿಂದೆ ಮೂವರು ಮೊಣಕಾಲು ತಾಗಿಸದೆ ಕೂರಬಹುದು. ಬೇಕರಿಯವರು ಹೇಳುವ ಬೆಲೆಯನ್ನು ಇನ್ನಷ್ಟು ಇಳಿಸುತ್ತೇನೆ, ಅದು ನನಗೆ ಬಿಡು. ಆದರೆ ಓಡಿಸುವವಳು ನೀನು. ಮೊದಲ ಸಲಕ್ಕೇ ಲೈಸೆನ್ಸ್ ತೆಗೆದುಕೊಂಡವಳು, ಮದುವೆಯಾದ ಮೇಲೆ "ಅವ್ರೇ ಚೆನ್ನಾಗಿ ಓಡಿಸ್ತಾರಮ್ಮ" ಎಂದು ಪಕ್ಕದ ಸೀಟಿಗೆ ಸರಿದು ಕೂತೆ. ಕೈ ಮರೆತಿರುತ್ತದೆ ಅಷ್ಟೆ, ನಾನು ಬಂದು ಒಂದಷ್ಟು ದಿನ ಜೊತೆಗೆ ಕೂರುತ್ತೇನೆ. ಕಿರುಚುತ್ತೇನೆ, ಸಹಿಸಿಕೋ.

ಗಿಣಿಯನ್ನು ಅವನ ಜೊತೆ ಕಾರಿನಲ್ಲಿ ಕಳಿಸಬೇಡ. ಆದರೆ ನಿಮ್ಮ ಮನೆಯಿಂದ ಶಾಲೆ ಬಹಳ ದೂರವೇನಿಲ್ಲ, ಅವನ ಬಲಗೈ ಹಿಡಿದು ನಡೆದು ಹೋಗಲಿ. ಕಾರಿನಲ್ಲಿ ಹೋಗುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಅವಳು ಇನ್ನಷ್ಟು ಮಾತಾಡುತ್ತಾಳೆ.

ನೀನು ಸಿಟ್ಟಾಗುತ್ತೀಯ, ಆಗಬೇಕಾದ್ದೇ. ಅವನು ಮಾಡಿದ್ದು ತಪ್ಪು, ಸಣ್ಣ ತಪ್ಪಲ್ಲ. ಕೆಟ್ಟವನೋ ಎಂದು ನನ್ನ ಕೈಲಾದ ಮಟ್ಟಿಗೆಲ್ಲ ಪರೀಕ್ಷಿಸಿದೆ ಮಗಳೇ. ಹೆದರಿದವನು, ಅಷ್ಟೇ. ನನಗೂ ಹೆದರಿಕೆಯಾಗುತ್ತಿದೆ. ನಿನ್ನನ್ನು ನೋಡಬೇಕು ಅನ್ನಿಸುತ್ತಿದೆ.

ಇಂತಿ, ಯಾರನ್ನೂ ಸುಲಭಕ್ಕೆ ನಂಬದ
ನಿನ್ನ ಅಮ್ಮ

ಮರೆತದ್ದು: ಇದನ್ನು ಅಂಚೆಗೆ ಹಾಕುತ್ತಿಲ್ಲ. ನಿಮ್ಮ ಹಳೆಯ ಕಾರಿನ ಕೀಲಿಯನ್ನು ನಾನೇ ಇಟ್ಟುಕೊಂಡು, ಅವನಿಗೆ ಬಸ್ಸಿನ ಚೀಟಿಗೆ ಚಿಲ್ಲರೆಯನ್ನೂ ಈ ಕಾಗದವನ್ನೂ ಕೊಟ್ಟು ಕಳಿಸುತ್ತಿದ್ದೇನೆ. ಲಕೋಟೆ ಅಂಟಿಸಿಲ್ಲ. ಬೇಕಾದರೆ ಓದು ಎಂದೆ, ವರಾಂಡದಲ್ಲಿ ನಿಂತುಕೊಂಡೇ ಓದಿದ. ಹರಿಯಲಿಲ್ಲ, ಮಡಿಚಿ ಜೇಬಿಗಿಟ್ಟುಕೊಂಡ; ಈ ನಾಲ್ಕು ಸಾಲು ಸೇರಿಸಲು ನಾನೇ ಕೇಳಿ ವಾಪಸು ತೆಗೆದುಕೊಂಡೆ. ದಾರಿಯಲ್ಲಿ ಚರಂಡಿಗಳು ಬೇಕಾದಷ್ಟಿವೆ, ಆದ್ದರಿಂದ ಸಂಜೆ ನಾನು ಫೋನ್ ಮಾಡಿಯೇ ಮಾಡುತ್ತೇನೆ. ಆದರೆ ಇದನ್ನು ನೀನು ಓದುತ್ತಿದ್ದೀಯ ಎಂದರೆ, ಅವನೇ ತಂದು ನಿನ್ನ ಕೈಗೆ ಕೊಟ್ಟಿದ್ದಾನೆ. ಇನ್ನೂ ಬಾಗಿಲಲ್ಲೇ ನಿಂತಿರುತ್ತಾನೆ. ಬೈಯುವುದಿದ್ದರೆ ಒಳಗೆ ಕರೆದು ಬೈಯಿ.