ಹುಟ್ಟು ಜಾರಿದ ಗಳಿಗೆ

ಶಿರೂರು, ಬಾಗಲಕೋಟೆ ತಾಲೂಕು
೨ ನವೆಂಬರ್ ೨೦೨೫

ಪ್ರೀತಿಯ ತಮ್ಮ ಆನಂದಾ,

ಹೇಗಿದ್ದೀಯಪ್ಪಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ನಿದ್ದೆ ಬರುತ್ತದೆಯೇ? ಅವ್ವನ ಮೊಣಕಾಲು ನೋವು ಈಗ ತುಸು ಕಡಿಮೆ. ಹೊನ್ನಾವರದಿಂದ ನಾನು ತಂದ ನಿನ್ನ ಫೋಟೊವನ್ನು ಓಣಿಯವರಿಗೆಲ್ಲ ತೋರಿಸಿ, "ನನ್ನ ಮಗ ನೀರ ಮ್ಯಾಲ ನಡ್ಯಾಂವ" ಎಂದು ಹೇಳಿಕೊಂಡು ಬರುತ್ತಾಳೆ. ಜೋಳ ಮೊಣಕಾಲುದ್ದ ಬೆಳೆದಿದೆ. ಫೋನ್ ಮಾಡಿದರೆ ನೀನು ಮಾತು ಮರೆಸುತ್ತೀಯ, ಮೆಸೇಜು ನೋಡಿಯೂ ಸುಮ್ಮನಿರುತ್ತೀಯ. ಅದಕ್ಕೇ ಬರೆಯಲು ಕುಳಿತೆ.

ನಾನು ಹೊನ್ನಾವರಕ್ಕೆ ಬಂದಿದ್ದಾಗ ಆ ಸಂಜೆ, ಪ್ರವಾಸಿಗರನ್ನು ಸುತ್ತಾಡಿಸುವ ನಿನ್ನ ಕಯಾಕ್ ದೋಣಿಯಲ್ಲಿ ನನ್ನನ್ನು ಕೂರಿಸಿಕೊಂಡು ಹೊರಟೆಯಲ್ಲ, ಎಷ್ಟು ಖುಷಿಯಾಗಿತ್ತು ಗೊತ್ತೇ! ಕುರಿ ಕಾಯುವವನ ಮಗ ಇಷ್ಟು ದೊಡ್ಡ ಹೊಳೆಯನ್ನು ಮನೆಯಂಗಳ ಮಾಡಿಕೊಂಡಿದ್ದಾನಲ್ಲ ಅನ್ನಿಸಿತು. "ನೀ ರಾಣಿ ಹಂಗ ಕುಂದರಕ್ಕಾ, ಹುಟ್ಟು ನಾ ಹಾಕ್ತೇನಿ" ಅಂದೆ. ಹಿಂದೆ ಅರಬರ ಹಡಗುಗಳೂ ಈ ಬಂದರಿಗೆ ಬರುತ್ತಿದ್ದವೆಂದು ನನ್ನ ಬೆನ್ನ ಹಿಂದೆ ಕೂತು ಹೇಳುತ್ತಲೇ ಇದ್ದೆ. ಶರಾವತಿ ಹರಿಯುತ್ತಿದ್ದಾಳೋ ನಿಂತಿದ್ದಾಳೋ ತಿಳಿಯದಷ್ಟು ನಿಧಾನ. ಒಮ್ಮೆಲೇ ನಿನ್ನ ಮಾತು ಅರ್ಧಕ್ಕೇ ನಿಂತಿತು. ಹುಟ್ಟಿನ ಸದ್ದೂ ನಿಂತಿತು. ಚೇಷ್ಟೆ ಮಾಡುತ್ತಿದ್ದೀಯೆಂದು, "ಏ, ಆಟ ಸಾಕೋ" ಎಂದು ಗದರಿಸಿದೆ. ಆಗ ಹುಟ್ಟು ನನ್ನ ಪಕ್ಕದಲ್ಲಿ ತೇಲುತ್ತ ಬಂತು. ಅದನ್ನು ಹಿಡಿದುಕೊಂಡು ಹೇಗೋ ತಿರುಗಿ ನೋಡಿದೆ. ನಿನ್ನ ಕಣ್ಣು ತೆರೆದೇ ಇತ್ತು, ಆದರೆ ನಾನು ಅದರಲ್ಲಿ ಇರಲಿಲ್ಲ. ಬೆರಳುಗಳು ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಸುಮ್ಮನೆ ಕೀಳುತ್ತಿದ್ದವು. ಅಪ್ಪ ಅಂಗಿಯ ಗುಂಡಿಯನ್ನು ಹಾಗೇ ಕೀಳುತ್ತಿದ್ದ.

ಎಷ್ಟು ಕೂಗಿದೆನೋ! ದೋಣಿ ತಾನಾಗಿ ತೇಲಿ ದಂಡೆಯ ನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿಗೆ ತಗುಲಿ ನಿಂತ ಮೇಲೆ ನೀನು ಕಣ್ಣು ಪಿಳುಕಿಸಿ, "ಅಕ್ಕಾ, ಹುಟ್ಟು ಎಲ್ಲೈತಿ?" ಎಂದೆ. ಪಿಯುಸಿಯಲ್ಲಿದ್ದಾಗ ಬಂದ ಮೂರ್ಛೆ, ಗುಳಿಗೆ ಶುರುವಾದ ಮೇಲೆ ವರ್ಷಗಟ್ಟಲೆ ಬಂದಿರಲಿಲ್ಲ. ಕೇಳಿದರೆ, "ಗುಳಿಗಿ ತಗೊಂಡ್ರ ಮಂಪರು ಬರ್ತೈತಿ, ಬಿಟ್ಟೇನಿ. ಅಯೂಬಣ್ಣಗ ಗೊತ್ತಾದ್ರ ಹೊಳಿಗೆ ಬಿಡೂದಿಲ್ಲ. ಯಾರಿಗೂ ಹೇಳಬ್ಯಾಡ" ಎಂದು ನನ್ನ ಕೈ ಹಿಡಿದೆ. ದೋಣಿಗಳ ಮಾಲೀಕರಾದ ಅವರ ಮೇಲೆ ನಿನಗಿರುವ ಗೌರವ ನನಗೆ ಗೊತ್ತು. ಆದರೆ ದಂಡೆಗೆ ಬಂದ ಕೂಡಲೇ ಪ್ರವಾಸಿಗರ ಪುಟ್ಟ ಹುಡುಗಿಯೊಂದನ್ನು ನಾನು ಕೂತಿದ್ದ ಜಾಗದಲ್ಲೇ ಕೂರಿಸಿಕೊಂಡು ಮತ್ತೆ ಹೊರಟೆಯಲ್ಲ! ಅವಳ ತಾಯಿ ನಗುತ್ತ ಕೈ ಬೀಸುತ್ತಿದ್ದಳು. ನೀವು ತಿರುಗಿ ಬರುವ ತನಕ ಅವಳ ಪಕ್ಕದಲ್ಲಿ ನಾನು ಹೇಗೆ ನಿಂತಿದ್ದೆನೋ ಆ ಬೀರಪ್ಪ ದೇವರಿಗೇ ಗೊತ್ತು.

ಅಪ್ಪ ಕಾಲುವೆಯಲ್ಲಿ ಮುಖ ಅಡಿಯಾಗಿ ಬಿದ್ದಾಗ ಅಲ್ಲಿ ಗೇಣು ನೀರೂ ಇರಲಿಲ್ಲ. ಕುರಿಗಳು ಸುತ್ತ ನಿಂತಿದ್ದವು, ಮನುಷ್ಯರು ಯಾರೂ ಇರಲಿಲ್ಲ. ಜನ ಇವತ್ತಿಗೂ ಕಾಲು ಜಾರಿತು ಅನ್ನುತ್ತಾರೆ. ಅವ್ವ ಹಾಗೆಯೇ ನಂಬಿದ್ದಾಳೆ, ನಂಬಿರಲಿ. ನೀನು ಮಾತ್ರ ನಂಬಿದಂತೆ ನಟಿಸಬೇಡ. ಇದು ನಾಚಿಕೆಪಡುವ ರೋಗವಲ್ಲ. ಮಂಪರು ಬಂದರೆ ಡಾಕ್ಟರಿಗೆ ಹೇಳಿ ಗುಳಿಗೆ ಬದಲಿಸಿಕೊಳ್ಳಬಹುದಿತ್ತು. ನೀರು ನಿನ್ನನ್ನು ಎಷ್ಟು ಪ್ರೀತಿಸಿದರೂ ಅದಕ್ಕೆ ನಿನ್ನನ್ನು ಎಬ್ಬಿಸಲು ಬರುವುದಿಲ್ಲ, ತಮ್ಮಾ.

ಅವ್ವ ಆಶೀರ್ವಾದ ತಿಳಿಸಿದ್ದಾಳೆ. ಬೀರಪ್ಪ ನಿನ್ನನ್ನೂ, ನಿನ್ನನ್ನು ನಂಬಿ ದೋಣಿ ಹತ್ತಿದವರನ್ನೂ ಕಾಯಲಿ.

ನಿನ್ನ ಅಕ್ಕ,
ಸವಿತಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಹೇಳಿಬಿಡುತ್ತೇನೆ. ಇವತ್ತು ಬೆಳಿಗ್ಗೆ ಅಯೂಬಣ್ಣನಿಗೆ ಫೋನ್ ಮಾಡಿ ಎಲ್ಲ ತಿಳಿಸಿದೆ. ಡಾಕ್ಟರು ಒಪ್ಪುವ ತನಕ ನಿನ್ನನ್ನು ನೀರಿಗೆ ಇಳಿಸುವುದಿಲ್ಲ, ದಂಡೆಯ ಕೆಲಸ ಕೊಡುತ್ತೇನೆ ಅಂದರು. ಶುಕ್ರವಾರ ನಾನೇ ಬಂದು ನಿನ್ನನ್ನು ಬಾಗಲಕೋಟೆಯ ದವಾಖಾನೆಗೆ ಕರೆದೊಯ್ಯುತ್ತೇನೆ. ನನ್ನ ಸಂಗಡ ಮಾತು ಬಿಡುವುದಾದರೆ ಬಿಡು. ಗುಳಿಗೆ ಬಿಡಬೇಡ.