ಕೋಪನ್‌ಹೇಗನ್ನಿನಲ್ಲಿರುವ ಸಾಕ್ಷಿಗೆ

ಲೇಬರ್ ಕ್ವಾರ್ಟರ್ಸ್, ಕಾಗಿಣಾ ದಂಡೆ
೭ ಅಕ್ಟೋಬರ್ ೧೯೭೯, ಭಾನುವಾರ

ನನ್ನ ಹಣಮಪ್ಪನಿಗೆ ಸಾಬಮ್ಮ ಮಾಡುವ ಜೈಭೀಮ.

ನಿನ್ನ ಪತ್ರ, ಚಿತ್ರದ ಕಾರ್ಡುಗಳು ಬಂದು ಭಾಳ ದಿನವಾಯಿತು. ಉತ್ತರವಿಲ್ಲವೆಂದು ಬೈದುಕೊಂಡಿರುತ್ತಿ. ಬೈದುಕೋ. ಬರೆಯಲು ಕುಂತಾಗಲೆಲ್ಲ ಕಾರ್ಖಾನೆಯ ಜೀಪು ಬಂದು ನಮ್ಮ ಕಿಟಕಿಗೆ ಎದುರಾಗಿ ನಿಲ್ಲುತ್ತದೆ. ಯಾರೂ ಇಳಿಯುವುದಿಲ್ಲ. ಇಂಜಿನ್ನು ಗುರ್ ಅನ್ನುತ್ತಿರುತ್ತದೆ, ಆಮೇಲೆ ಹೋಗುತ್ತದೆ. ಹೋದ ಮೇಲೂ ನನ್ನ ಕಿವಿಯಲ್ಲಿ ಅದೇ ಸದ್ದು. ಮಕ್ಕಳಿಬ್ಬರನ್ನೂ ಗುಂಡಗುರ್ತಿಗೆ ಅವ್ವನ ಹತ್ತಿರ ಕಳಿಸಿದ್ದೇನೆ. ಆರಾಮ ಇದ್ದಾರೆ. ನಾನು ಮಟಮಟ ಮಧ್ಯಾಹ್ನದಲ್ಲಿ ಅಗಳಿ ಹಾಕಿಕೊಂಡು ಬರೆಯುತ್ತಿದ್ದೇನೆ. ಇದನ್ನು ಇಲ್ಲಿಯ ಡಬ್ಬಿಗೆ ಹಾಕುವುದಿಲ್ಲ, ವಾಡಿಗೆ ಹೋಗಿ ಸ್ಟೇಷನ್ನಿನಲ್ಲಿ ಹಾಕುತ್ತೇನೆ.

ನೀನು ನೋಡಿದ್ದನ್ನೆಲ್ಲ ಓದಿದೆ. ರೋಸೆನ್‌ಬೋರ್ಗ್ ಅರಮನೆಯಲ್ಲಿ ಸಿಂಹಾಸನದ ಮುಂದೆ ಮೂರು ಬೆಳ್ಳಿಯ ಸಿಂಹ ಕಾವಲು ಕೂತಿವೆಯಂತೆ. ಖಾಲಿ ಕುರ್ಚಿಗೆ ಮೂರು ಕಾವಲು! ನಮ್ಮ ಸಿಮೆಂಟಿನ ತಿರುಗುವ ಭಟ್ಟಿ ನಿಂತಾಗ ಅದರೊಳಗೆ ಇಟ್ಟಂಗಿ ಕೂಡಿಸಲು ಮನುಷ್ಯರು ಇಳಿಯುತ್ತಾರೆ, ಅವರಿಗೆ ಒಬ್ಬನೂ ಇಲ್ಲ. ರಾಣಿಯ ಮನೆಯ ಮುಂದಿನ ಸಿಪಾಯಿಗಳ ಕರಡಿತೊಗಲಿನ ಟೋಪಿ ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕವು. ಸಮುದ್ರದ ದಂಡೆಯ ಮೀನುಹೆಣ್ಣಿನ ಗೊಂಬೆಯ ಚಿತ್ರವನ್ನು ಪಕ್ಕದ ಮನೆಯ ಮಹಾದೇವಮ್ಮ ಕಸಿದುಕೊಂಡು ನೋಡಿದಳು. “ಅಯ್ಯ, ಮೈಮ್ಯಾಲ ಬಟ್ಟಿ ಇಲ್ದಾಕಿನ ಚಿತ್ರ ಹೆಂಡ್ತಿಗಿ ಕಳಸ್ಯಾನಲ್ಲ! ಖರೇ ಗಂಡಸು ನೋಡು ನಿನ್ನ ಹಣಮ್ಯಾ,” ಅಂದಳು. ನಾನೂ ನಕ್ಕೆ. ಆ ಗೊಂಬೆಯ ತಲೆಯನ್ನು ಹಿಂದೊಮ್ಮೆ ಯಾರೋ ಗರಗಸದಿಂದ ಕೊಯ್ದು ಒಯ್ದಿದ್ದರು, ಯಾರೆಂದು ಇನ್ನೂ ಗೊತ್ತಾಗಿಲ್ಲ ಎಂದು ನೀನು ಬರೆದದ್ದನ್ನು ಓದಿದ ಮೇಲೆ ನಗು ನಿಂತಿತು. ಕಂಡವರಿಲ್ಲದಿದ್ದರೆ ಹಾಗೇ. ನಮ್ಮ ಭಟ್ಟಿಯಲ್ಲಿ ಸತ್ತ ಚಾಂದನದು ಹಾಗಲ್ಲ. ಕಂಡವನಿದ್ದಾನೆ.

ಚಾಂದನ ವಿಷಯವೇ ಈಗ ಇಲ್ಲಿ ಎಲ್ಲರ ಬಾಯಲ್ಲಿ. ಅವನು ಕುಡಿದಿದ್ದ, ಹೇಳದೆ ಕೇಳದೆ ಭಟ್ಟಿಯೊಳಗೆ ಹೋದ, ಅದಕ್ಕೆ ಸತ್ತ ಎಂದು ಕಾರ್ಖಾನೆಯವರು ಬರೆದು ಕೊಟ್ಟಿದ್ದಾರೆ. ಐದು ಹೊತ್ತು ನಮಾಜು ಮಾಡುವ ಮನುಷ್ಯ ಕುಡಿದಿದ್ದನಂತೆ! ಗುಲಬರ್ಗಾದಲ್ಲಿ ವಿಚಾರಣೆ ನವೆಂಬರ್ ಐದಕ್ಕೆ. ನೀನು ತಾರೀಖು ಗೊತ್ತಿಲ್ಲದೆ ಹೋಗಿದ್ದಿ, ಅದಕ್ಕೇ ಬರೆಯುತ್ತಿದ್ದೇನೆ. ಅವತ್ತು ಫಿಟ್ಟರನಾಗಿ, ಭಟ್ಟಿ ತಿರುಗದ ಹಾಗೆ ಅದರ ಮೋಟರಿನ ಫ್ಯೂಜು ಕಿತ್ತು ಕಿಸೆಯಲ್ಲಿಟ್ಟುಕೊಂಡವನು ನೀನು. ಒಳಗೆ ಇಳಿದವರೆಲ್ಲ ಹೊರಗೆ ಬರುವವರೆಗೆ ಅದು ಫಿಟ್ಟರನ ಕಿಸೆ ಬಿಡಬಾರದು. “ಚಾಂದ್ ಇನ್ನಾ ಒಳಗ ಹಾನ್ರಿ,” ಅಂದವನು ನೀನು. “ಬಂದಾನ, ತಿರುವು,” ಎಂದು ನಿನ್ನ ಕಿಸೆಗೇ ಕೈ ಹಾಕಿ ಫ್ಯೂಜು ಕಸಿದುಕೊಂಡು ಭಟ್ಟಿ ತಿರುಗಿಸಿದವನು ಇಂಜಿನಿಯರ್ ಸಾಹೇಬ. ಇದು ನಿನ್ನ ಬಾಯಿಂದ ಬರದಿದ್ದರೆ ಯಾರ ಬಾಯಿಂದಲೂ ಬರುವುದಿಲ್ಲ.

ಹೋದ ವಾರ ಲೇಬರ್ ಆಫೀಸರ್ ಜೀಪಿನಿಂದ ಇಳಿದೇ ಬಂದ. ಚಪ್ಪಲಿ ಸಹಿತ ಒಳಗೆ ಬಂದು ಮಂಚದ ಮೇಲೆ ಕೂತ.

“ಹಣಮಪ್ಪಂದು ನಸೀಬ ನೋಡವ್ವ. ನಿಮ್ಮ ಕೇರ್‍ಯಾಗ ಯಾರರೆ ವಿಮಾನ ಹತ್ಯಾರೇನು? ಭಟ್ಟಿ ಮಾಡಿದ ದೇಶಕ್ಕೇ ಕಳಸೀವಿ. ಇನ್ನ ಎಲ್ಡ ತಿಂಗಳ ಇರಲಿ. ಕಲೀಲಿ, ಅರಮನಿ ನೋಡಲಿ. ‘ಇಲ್ಲಿ ಎಲ್ಲಾ ಛಲೋ ಅದ, ನೀ ಅಲ್ಲೇ ಇರು’ ಅಂತ ಒಂದ ಕಾಗದ ಹಾಕು.”

“ನನಗ ಬರಿಯಾಕ ಬರಂಗಿಲ್ರಿ,” ಅಂದೆ.

“ಸುಳ್ಳ ಹೇಳಬ್ಯಾಡ. ಮೀಟಿಂಗಿನ್ಯಾಗ ಕಾಗದ ಹಿಡದು ಒದರತಿ, ಕಂಡೀನಿ.” ಎದ್ದು ಬಾಗಿಲ ತನಕ ಹೋಗಿ ತಿರುಗಿದ. “ಈ ಖೋಲಿ ಕಾರ್ಖಾನಿದು, ತಂಗಿ. ಮಕ್ಕಳು ಸಾಲೀಗಿ ಹೋಗೋ ರಸ್ತಾನೂ ಕಾರ್ಖಾನಿದು.”

ಮಕ್ಕಳನ್ನು ಊರಿಗೆ ಕಳಿಸಿದ್ದು ಆ ಮಾತು ಕೇಳಿ. ಕೂಗುವ ಸಾಬಮ್ಮ, ಸಾವಿರ ಜನರ ಮುಂದೆ ಮೈಕು ಹಿಡಿಯುವ ಸಾಬಮ್ಮ, ಒಬ್ಬಳೇ ಇದ್ದಾಗ ಕೊಡದಲ್ಲಿ ನೀರು ತುಳುಕಿದರೂ ಬೆಚ್ಚಿ ಬೀಳುತ್ತಿದ್ದಾಳೆ.

ಮೊನ್ನೆ ಚಾಂದನ ಹೆಂಡತಿ ನಜಮುನ್ನೀಸಾ ಬಂದಿದ್ದಳು. ಗೇಟಿನ ಕಾವಲುಗಾರ ಹೆಸರು ಬರೆದುಕೊಂಡೇ ಬಿಟ್ಟನಂತೆ. ಬೈಯಲು ಬಂದಿದ್ದಾಳೆ ಅಂದುಕೊಂಡೆ. ಹೊರಗೆ ಎಲ್ಲರೂ ನೀನು ಬಾಯಿ ಮಾರಿಕೊಂಡೆ ಎಂದೇ ಅನ್ನುತ್ತಾರೆ. ಅವಳು ಬೈಯಲಿಲ್ಲ. ಮಕ್ಕಳು ಗೋಡೆಗೆ ಅಂಟಿಸಿದ್ದ ನಿನ್ನ ಕಾರ್ಡುಗಳನ್ನು ನೋಡುತ್ತ ನಿಂತಳು. ಅದರಲ್ಲಿ ಆ ಗುಂಡುಗೋಪುರದ ಒಳಗಿನದೊಂದು ಇದೆಯಲ್ಲ, ಮೆಟ್ಟಿಲಿಲ್ಲದೆ ಇಟ್ಟಂಗಿಯ ದಾರಿ ಬಿಳಿ ಗೋಡೆಯ ನಡುವೆ ಸುತ್ತಿಕೊಂಡು ಮೇಲೆ ಹೋಗುವುದು, ಅದರ ಮೇಲೆ ಬೆರಳಿಟ್ಟಳು.

“ಭಟ್ಟಿ ಒಳಗ ಹಿಂಗೇ ಇರ್ತದೇನಕ್ಕಾ?”

“ಇದು ರಾಜಂದು, ನಜಮಾ. ಹಿಂದಕ್ಕ ಒಬ್ಬ ಬಾದಶಾ ಇದರಾಗ ಕುದುರಿ ಹತ್ತಿ ಮ್ಯಾಲತನಾ ಹೋಗಿದ್ನಂತ,” ಅಂದೆ.

ಅವಳು ಬೆರಳಿನಿಂದ ಆ ದಾರಿಯ ಅಗಲ ಅಳೆದಳು. “ಕುದುರಿ ಹೋಗೋವಷ್ಟ ದೊಡ್ಡದದ. ಹಂಗಾರ ಭಟ್ಟ್ಯಾಗೂ ನಮ್ಮವರಿಗಿ ಓಡಾಕ ಜಾಗ ಇತ್ತು,” ಅಂದಳು.

ಅಳಲಿಲ್ಲ. ಸೆರಗು ಹೊದ್ದುಕೊಂಡು ಹೋದಳು. ನಾನು ಚಹಾ ಕೊಡುವುದನ್ನೂ ಮರೆತೆ. ಆ ಗೋಪುರದಲ್ಲಿ ಎರಡು ಸುತ್ತು ಹತ್ತಿದ ಮೇಲೆ ಗೋಡೆ ತಿರುಗಿದಂತಾಗಿ ನೀನು ಕುಂತುಬಿಟ್ಟಿಯಂತೆ, ಜೊತೆಗಿದ್ದ ಬಿಳಿಯರು ನಕ್ಕರಂತೆ, ಬರೆದಿದ್ದಿ. ನಿನಗೆ ಯಾಕೆ ಹಾಗಾಯಿತೆಂದು ಅವರಿಗೆ ತಿಳಿಯದು. ನನಗೆ ತಿಳಿಯುತ್ತದೆ.

ಬಾ. ಅರಮನೆಗಳು ಎಲ್ಲಿಗೂ ಓಡಿ ಹೋಗುವುದಿಲ್ಲ. ಖೋಲಿ ಹೋದರೆ ಗುಂಡಗುರ್ತಿಯಲ್ಲಿ ಕೂಲಿ ಮಾಡೋಣ. ಏಟು ಬಿದ್ದರೆ ಇಬ್ಬರಿಗೂ ಬೀಳಲಿ. ನನಗೆ ಹೆದರಿಕೆ ಇದೆ, ಇಲ್ಲವೆನ್ನುವುದಿಲ್ಲ. ನೀನು ಪಕ್ಕದಲ್ಲಿದ್ದರೆ ಅದನ್ನು ಅರ್ಧ ಮಾಡಿಕೊಳ್ಳಬಹುದು. ಅಲ್ಲಿಯ ಚಳಿಗೆ ಎದೆ ಮುಚ್ಚಿಕೊಂಡಿರು. ಬಾಬಾಸಾಹೇಬರ ಬೆಳಕು ನಿನ್ನ ಕಣ್ಣ ಮುಂದಿರಲಿ.

ನಿನ್ನ
ಸಾಬಮ್ಮ

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನಗೆ ತಾರೀಖು ಗೊತ್ತಿರಲಿಲ್ಲ ಎಂದು ಬೇಕೆಂದೇ ಬರೆದೆ, ನೀನು ಮುಖಭಂಗವಿಲ್ಲದೆ ಹಿಂತಿರುಗಲಿ ಎಂದು. ನಿನ್ನೆ ಯೂನಿಯನ್ನಿನ ಮಡಿವಾಳಯ್ಯ ಎಲ್ಲ ಹೇಳಿದ. “ವಾಡಿ ಸ್ಟೇಶನ್ನಿನ್ಯಾಗ ರೈಲ ಹತ್ತೂ ಮುಂದ ನಾನೇ ಹೇಳೀನಿ ತಂಗಿ. ‘ನವೆಂಬರ್ ಐದಕ್ಕ ಅದ, ಹೋಗಬ್ಯಾಡೋ ಹಣಮ್ಯಾ,’ ಅಂದೆ. ‘ಅದಕ್ಕೇ ಹೊಂಟೀನಿ,’ ಅಂದ.” ಅದನ್ನು ಕೇಳಿದಾಗಿನಿಂದ ಜೀಪಿಗಿಂತ ನಿನ್ನೊಳಗಿನ ಹೆದರಿಕೆಗೇ ನಾನು ಹೆಚ್ಚು ಹೆದರುತ್ತಿದ್ದೇನೆ. ನೀನು ಬರದಿದ್ದರೆ ಐದನೇ ತಾರೀಖು ನಜಮುನ್ನೀಸಾಳ ಜೊತೆ ಗುಲಬರ್ಗಾ ಬಸ್ಸು ಹತ್ತುತ್ತೇನೆ. ಗಂಡ ಹೇಳಿದ್ದನ್ನು ಹೆಂಡತಿ ಹೇಳಿದರೆ ಸಾಕ್ಷಿಯಾಗುವುದಿಲ್ಲ ಎನ್ನುತ್ತಾನೆ ಮಡಿವಾಳಯ್ಯ. ಆಗದಿದ್ದರೆ ಬಿಡಲಿ, ಹೇಳುತ್ತೇನೆ. ಕೊಂದವನು ಯಾರೆಂದು ಕೇಳಿದರೆ ಸಾಹೇಬನ ಹೆಸರು ಹೇಳುತ್ತೇನೆ. ಕಂಡವನು ಎಲ್ಲಿ ಎಂದು ಕೇಳಿದರೆ ನಿನ್ನ ಹೆಸರು ಹೇಳಬೇಕಾಗುತ್ತದೆ, ಹಣಮಪ್ಪ.