ಬಲಸುತ್ತಿನ ವೈಂಡರ್

ತಮ್ಮನಿಗೆ,

ಕೂಡಿರುವ ಮಹಾಜನಗಳೇ, ಕೇಳಿರಿ! ನನ್ನ ಪತ್ರವನ್ನು ನೀನು ಮನೆಮಂದಿಗೆಲ್ಲ ಗಟ್ಟಿಯಾಗಿ ಓದಿ ನಗಿಸುತ್ತೀಯೆಂದು ಗೊತ್ತು. ಓದು.

ಅಪ್ಪನ ಕೈಗಡಿಯಾರದ ಸ್ಪ್ರಿಂಗ್ ತುಂಡಾಗಿದೆ. ಅಪ್ಪ ಹೋದರು, ಅಮ್ಮನ ಕಣ್ಣೂ ಹೋಯಿತು. ಅವಳಿಗೆ ಆ ಟಿಕ್‌ಟಿಕ್ಕೊಂದೇ ಜೊತೆಯಾಗಿತ್ತು. ಹೊಸ ಸ್ಪ್ರಿಂಗನ್ನು ವೈಂಡರಿನ ಹಿಡಿ ತಿರುಗಿಸಿ ಬಲಕ್ಕೆ ಸುತ್ತಿ, ಗಡಿಯಾರದೊಳಗಿನ ಪುಟ್ಟ ಡಬ್ಬಿಗೆ ಇಳಿಸಬೇಕು. ಅಪ್ಪನ ಗಡಿಯಾರದಂಗಡಿ ಪಾಲಾದ ದಿನ ಬಲಸುತ್ತಿನ ವೈಂಡರ್ ನಿನಗೆ ಬಂತು, ಎಡಸುತ್ತಿನದು ನನಗೆ. "ಸಮಪಾಲು!" ಎಂದು ಗರ್ಜಿಸಿದ ಮಹಾಶಯ ನಾನೇ.

ಹಟಕ್ಕೆ ಬೆರಳಿನಿಂದಲೇ ತುರುಕಿದೆ. ಹಾಗೆ ಕೂರಿಸಿದ ಸ್ಪ್ರಿಂಗ್ ಆಲಿಕೆಯಂತೆ ಮೇಲೆದ್ದು ಮುಚ್ಚಳಕ್ಕೆ ಉಜ್ಜುತ್ತದೆ. ಎರಡು ಹಾಳಾದವು. ಎರಡು ಸಲವೂ ಗಡಿಯಾರ ಗಂಟೆಯೊಳಗೇ ನಿಂತಿತು.

"ನಿಮ್ಮಪ್ಪ ಮತ್ತೆ ಹೋದರು ಕಣೋ," ಅಂದಳು ಅಮ್ಮ.

"ಎರಡು ತುತ್ತು ತಿನ್ನಮ್ಮ."

"ನಿನ್ನ ಬಾಯಿ ನಾಟಕಕ್ಕಾಯಿತು, ಕೈ ಯಾತಕ್ಕೂ ಆಗಲಿಲ್ಲ."

ಮೂರು ದಿನದಿಂದ ಅವಳು ಅನ್ನ ಮುಟ್ಟಿಲ್ಲ.

ಆ ಅಳತೆಯ ಸ್ಪ್ರಿಂಗ್ ಇನ್ನೊಂದೇ ಉಳಿದಿದೆ. ನನ್ನೊಡನೆ ಮಾತಾಡಬೇಡ, ಮುಖವನ್ನೂ ನೋಡಬೇಡ. ವೈಂಡರನ್ನು ಒಂದು ಗಳಿಗೆ ಕೊಡು. ಪತ್ರವನ್ನು ಪಕ್ಕದಂಗಡಿಯ ದರ್ಜಿಯ ಕೈಯಲ್ಲಿ ಈಗಲೇ ಕಳಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಂಗಡಿ ತೆಗೆಯುವುದಿಲ್ಲ, ಗಡಿಯಾರ ಹಿಡಿದು ನಿನ್ನ ಬಾಗಿಲಿಗೆ ಬರುತ್ತೇನೆ. ನೀನು ತೆರೆಯದಿದ್ದರೆ ಹೊಸ್ತಿಲ ಮೇಲೆಯೇ ಕೂತು, ಆ ಕೊನೆಯದನ್ನೂ ಬೆರಳಿನಿಂದಲೇ ತುರುಕುತ್ತೇನೆ.

ಇಂತಿ,
ನಿನ್ನ ಅಣ್ಣ